ಆಟದ ಮೂಲಕ ಊರಿನ ಜನರ ಆರೋಗ್ಯಕ್ಕೆ ದುಡಿಯಬೇಕು ಅಂತ ಆಸೆ. ಏನು ಓದಬೇಕು?

ಕೋಚ್ ಆಗುವುದು ಬೇರೆ, ಇದು ಬೇರೆ. ಕೋಚ್ ಗೆಲ್ಲುವವರನ್ನು ತಯಾರು ಮಾಡುತ್ತಾರೆ. ಇಲ್ಲಿ ಮೈದಾನಕ್ಕೇ ಬರದವರನ್ನು ಕರೆತರಬೇಕು: ಮೊಣಕಾಲು ನೋವಿನ ಅಜ್ಜಿ, ದಪ್ಪ ಇದ್ದೇನೆ ಅಂತ ನಾಚುವ ಹುಡುಗ, ಮನೆಗೆಲಸ ಮುಗಿಯದ ಅಮ್ಮ.

ಪದವಿ ಆದಮೇಲೆ 2 ವರ್ಷದ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡಬಹುದು. ಬೇಕಿದ್ದರೆ ಮುಂದೆ ಅದರಲ್ಲೇ ಸ್ನಾತಕೋತ್ತರ ಪದವಿ, ಎಂ.ಪಿ.ಎಡ್. ಪಿಯುಸಿ ಆದವರಿಗೆ 1957ರಲ್ಲಿ ಶುರುವಾದ ಗ್ವಾಲಿಯರ್‌ನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆಯನ್ನೂ ನೋಡಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್ ಕೋಚಿಂಗ್‌ಗೇ ಜಾಸ್ತಿ ಹೊಂದುತ್ತದೆ.

ಅಂಗರಚನೆ, ಯೋಗ, ಬೋಧನಾ ವಿಧಾನ ಕ್ಲಾಸಿನಲ್ಲಿ ಸಿಗುತ್ತವೆ. ಜನರನ್ನು ಹಿಡಿದಿಡುವುದನ್ನು ಮಾತ್ರ ಹೊರಗೇ ಕಲಿಯಬೇಕು. ಓದುವಾಗಲೇ ವಾರಕ್ಕೆರಡು ಸಂಜೆ ಪಾರ್ಕಿನಲ್ಲಿ ಲಗೋರಿ, ಕುಂಟೆಬಿಲ್ಲೆ ಆಡಿಸಿ. ದುಡ್ಡೇನೂ ಬೇಕಾಗಿಲ್ಲ ಅಲ್ವಾ? ಯಾರಾದರೂ ಬರುವುದು ನಿಲ್ಲಿಸಿದರೆ ಸುಮ್ನೆ ಬಿಡಬೇಡಿ, ಯಾಕೆ ಅಂತ ಹೋಗಿ ಕೇಳಿ.