ಪಾದರಸ ನುಂಗಿಯೂ ಬದುಕಿದವರಿಗೆ

ಮಾನ್ಯರೇ,

ಸಣ್ಣ ಚಿನ್ನದ ಗಣಿಗಳ ಪಾದರಸ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಸುಮ್ಮನೆ ಭಯ ಹುಟ್ಟಿಸುತ್ತದೆ ಎಂದು ಬರೆದಿದ್ದೀರಿ. ಬಾಲ್ಯದಲ್ಲಿ ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈಯಲ್ಲಿ ಉರುಳಿಸಿ ಆಡಿದ್ದು, ಒಮ್ಮೆ ನುಂಗಿಯೂ ಏನೂ ಆಗದೆ ಉಳಿದದ್ದು ನಿಮ್ಮ ಸಾಕ್ಷ್ಯ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ದ್ರವ ಪಾದರಸದಲ್ಲಿ ಸಾವಿರದಲ್ಲೊಂದು ಪಾಲನ್ನೂ ಕರುಳು ಹೀರಿಕೊಳ್ಳುವುದಿಲ್ಲ. ಅದೇ ಲೋಹ ಹಬೆಯಾಗಿ ಉಸಿರಿನೊಡನೆ ಒಳಹೊಕ್ಕರೆ ಸುಮಾರು ಶೇಕಡಾ 80ರಷ್ಟು ದೇಹದಲ್ಲೇ ಉಳಿಯುತ್ತದೆ. ಉಸಿರಾಡುವ ಬದಲು ನುಂಗಿದ್ದರಿಂದ ನೀವು ಪಾರಾದಿರಿ. (ಇದನ್ನು ಓದಿ ಯಾರೂ ಪ್ರಯೋಗಕ್ಕಿಳಿಯಬೇಡಿ.)

ಗಣಿಯವರು ಅದನ್ನು ಉಸಿರಾಡುತ್ತಾರೆ. ಪುಡಿ ಮಾಡಿದ ಅದಿರಿಗೆ ಪಾದರಸ ಕಲಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳೂ ಅದಕ್ಕೆ ಅಂಟಿ ಮುದ್ದೆಯಾಗುತ್ತವೆ. ಆ ಮುದ್ದೆಯನ್ನು ಬಟ್ಟೆಯಲ್ಲಿ ಹಿಂಡಿ ಬೆಂಕಿಗೆ ಒಡ್ಡುತ್ತಾರೆ. ಪಾದರಸ ಹಬೆಯಾಗಿ ಹಾರಿಹೋಗುತ್ತದೆ, ಚಿನ್ನ ಉಳಿಯುತ್ತದೆ. ಈ ಹಬೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಹಾಗಾಗಿ ಯಾರೂ ಎದ್ದು ದೂರ ಸರಿಯುವುದಿಲ್ಲ. ಎಷ್ಟೋ ಕಡೆ ಈ ಕೆಲಸ ಮನೆಯ ಒಲೆಯ ಮೇಲೆಯೇ, ಮಕ್ಕಳ ಎದುರಿಗೇ ನಡೆಯುತ್ತದೆ. ವರ್ಷಗಳು ಕಳೆದಂತೆ ಕೈ ನಡುಗತೊಡಗುತ್ತದೆ, ನಿದ್ದೆ ಕೆಡುತ್ತದೆ, ನೆನಪು ಮಂಕಾಗುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ನಡುಕವನ್ನು ಕುಡಿತದ ಲೆಕ್ಕಕ್ಕೂ ಸಿಟ್ಟನ್ನು ಸ್ವಭಾವದ ಲೆಕ್ಕಕ್ಕೂ ಸೇರಿಸಿಬಿಡುವುದು ಸುಲಭ.

ಗಣಿಯ ಮುಖವನ್ನೇ ಕಾಣದ ಮೀನು ತಿನ್ನುವವರಿಗೆ ಏಕೆ ಚಿಂತೆ ಎಂದೂ ಕೇಳಿದ್ದೀರಿ. ಹೊಳೆಗೆ ಸೇರಿದ ಪಾದರಸವನ್ನು ಕೆಸರಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ದಾಟುತ್ತ ಅದರ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಿಮ್ಮ ಬಾಲ್ಯದ ಅನುಭವ ಇಲ್ಲಿ ತಲೆಕೆಳಗಾಗುತ್ತದೆ: ಈ ರೂಪದ ಪಾದರಸವನ್ನು ನುಂಗಿದರೆ ಕರುಳು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಅದು ಮಿದುಳನ್ನು ಹೊಗುತ್ತದೆ, ಗರ್ಭದ ಶಿಶುವನ್ನೂ ತಲುಪುತ್ತದೆ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ದುರಂತಕ್ಕೆ ಕಾರಣ ಗಣಿಯಲ್ಲ, ಕಾರ್ಖಾನೆಯ ತ್ಯಾಜ್ಯ. ವಿಷ ಮಾತ್ರ ಇದೇ. ಅಲ್ಲಿ ತೀರಾ ಅಲ್ಪ ಲಕ್ಷಣಗಳಿದ್ದ ತಾಯಂದಿರ ಮಕ್ಕಳು ಗಂಭೀರ ಅಂಗವೈಕಲ್ಯದೊಂದಿಗೆ ಹುಟ್ಟಿದರು. ಪೆರುವಿನ ಮಾದ್ರೆ ದೆ ದಿಯೋಸ್ ಪ್ರದೇಶದಲ್ಲಿ ಪಾದರಸ ಹರಡಲು ಕಾರಣ ಚಿನ್ನದ ಗಣಿಗಳೇ. 2016ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು.

'ಅಷ್ಟು ಅಪಾಯವಿದ್ದರೆ ಒಮ್ಮೆಲೇ ನಿಷೇಧಿಸಲಿ' ಎಂಬ ನಿಮ್ಮ ಸವಾಲು ನನಗೆ ಒಪ್ಪಿಗೆಯಿಲ್ಲ. ಕೋಟಿಗೂ ಹೆಚ್ಚು ಜನರ ಅನ್ನ ಇದರಲ್ಲಿದೆ. ಪಾದರಸಕ್ಕೆ ಕಡಿವಾಣ ಹಾಕಲು ದೇಶಗಳು ಮಾಡಿಕೊಂಡ, 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದವೂ ಸಣ್ಣ ಗಣಿಗಳಲ್ಲಿ ಪಾದರಸದ ಬಳಕೆಯನ್ನು ತಗ್ಗಿಸಿ, ಸಾಧ್ಯವಾದಲ್ಲಿ ನಿಲ್ಲಿಸಿ ಎನ್ನುತ್ತದೆ; ಬಯಲಲ್ಲಿ, ಮನೆಗಳ ನಡುವೆ ಸುಡುವ ಪದ್ಧತಿಗೆ ಕೊನೆ ಹಾಡಬೇಕು ಎನ್ನುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಕೊಳವೆಯಲ್ಲಿ ಹಬೆಯನ್ನು ತಣಿಸಿದರೆ ಪಾದರಸ ಮತ್ತೆ ಕೈಗೆ ಸಿಗುತ್ತದೆ, ಖರ್ಚೂ ಉಳಿಯುತ್ತದೆ. ಆದರೂ ಹಲವರು ಒಪ್ಪುವುದಿಲ್ಲ: ಹೊತ್ತು ಹಿಡಿಯುತ್ತದೆ, ಮೇಲಾಗಿ ತಮ್ಮ ಚಿನ್ನ ಕಣ್ಣೆದುರಿಗೇ ಇರಬೇಕು. ಆ ಅನುಮಾನವನ್ನು ಬರೀ ಅಜ್ಞಾನವೆಂದು ನಾನು ಕರೆಯಲಾರೆ.

ಒಂದು ವಿಷಯದಲ್ಲಿ ನಿಮ್ಮ ಆಕ್ಷೇಪ ಸರಿ. 'ಮುಟ್ಟಿದರೆ ಸಾವು' ಎಂಬ ಶೀರ್ಷಿಕೆ ತಪ್ಪು. ಅದು ಲೇಖಕರು ಕೊಟ್ಟದ್ದಲ್ಲ, ಅಚ್ಚಿಗೆ ಹೋಗುವ ರಾತ್ರಿ ನಾನು ಬದಲಿಸಿದ್ದು.

– ಸಂಪಾದಕ