ಹಿತ್ತಲ ಬೆಳೆ, ಮನೆಯ ಅಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಹಾಕಿದ ಮಂಗಳೂರು ಸೌತೆ ಈ ವರ್ಷ ಚೆನ್ನಾಗಿ ಫಲ ಕೊಟ್ಟಿದೆ. ಬೆಂಗಳೂರಿನಲ್ಲಿರುವ ಮಗಳಿಗೂ ಮೈಸೂರಿನಲ್ಲಿರುವ ತಮ್ಮನಿಗೂ ಚೀಲ ತುಂಬಿ ಕಳುಹಿಸಿದೆ. ಕೆಲವೇ ದಿನಗಳಲ್ಲಿ ಕೊಳೆತುಹೋಯಿತೆಂದರು. ನನ್ನ ಅತ್ತೆಯವರ ಕಾಲದಲ್ಲಿ ಇದೇ ಕಾಯಿ ಮಳೆಗಾಲದುದ್ದಕ್ಕೂ ಇರುತ್ತಿತ್ತು. ಇತ್ತ ಮನೆಯಲ್ಲಿ ದಿನವೂ ಸೌತೆಕಾಯಿ ಹುಳಿ ಎಂದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಏನು ಮಾಡಲಿ?
— ಓದುಗರು, ಪುತ್ತೂರು

ಉತ್ತರ: ಉಳಿಯುವ ಕಾಯಿ ಯಾವುದು, ಉಳಿಯದ ಕಾಯಿ ಯಾವುದು ಎಂಬುದು ಬಳ್ಳಿಯಲ್ಲಿರುವಾಗಲೇ ನಿರ್ಧಾರವಾಗಿರುತ್ತದೆ. ಸಿಪ್ಪೆ ಪೂರ್ತಿ ಹಳದಿಗೆ ತಿರುಗಿ, ಪಟ್ಟೆಗಳು ಸ್ಪಷ್ಟವಾಗಿ ಮೂಡಿ, ಉಗುರು ಒತ್ತಿದರೆ ಸುಲಭಕ್ಕೆ ಇಳಿಯದಷ್ಟು ಬಲಿತ ಕಾಯಿಯನ್ನು ಮಾತ್ರ ದಾಸ್ತಾನಿಗೆ ತೆಗೆದಿಡಬೇಕು. ಹಸಿರು ಛಾಯೆ ಉಳಿದಿರುವ ಎಳೆಯ ಕಾಯಿ ಆ ವಾರದ ಅಡುಗೆಗೇ ಸರಿ. ಕೊಯ್ಯುವಾಗ ತೊಟ್ಟನ್ನು ಬೆರಳುದ್ದ ಉಳಿಸಿಕೊಳ್ಳಿ, ನೀರಿನಲ್ಲಿ ತೊಳೆಯಬೇಡಿ, ಮಣ್ಣು ಅಂಟಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ನಿಮ್ಮ ಅತ್ತೆಯವರು ಕಾಯಿಗಳನ್ನು ಬಾಳೆನಾರಿನಿಂದಲೋ ತೆಂಗಿನ ಗರಿಯಿಂದಲೋ ಕಟ್ಟಿ ಅಟ್ಟದ ಕೆಳಗೆ ತೂಗುಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ನೆಲದ ಮೇಲಿಟ್ಟ ಕಾಯಿಯ ಭಾರವೆಲ್ಲ ಒಂದೇ ಕಡೆ ಬಿದ್ದು, ಅಲ್ಲಿ ಗಾಳಿಯಾಡದೆ ತೇವ ನಿಂತು, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ತೂಗುಹಾಕಿದ ಕಾಯಿಗೆ ಆ ತೊಂದರೆಯಿಲ್ಲ, ಒಂದು ಕೆಟ್ಟರೂ ಪಕ್ಕದ್ದಕ್ಕೆ ಅಂಟುವುದಿಲ್ಲ. ಚೀಲದಲ್ಲಿ ಒಂದರ ಮೇಲೊಂದು ತುಂಬಿ, ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಉರುಳಾಡಿದ ಕಾಯಿಗೆ ಹೊರಗೆ ಕಾಣದ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ನಾಲ್ಕೇ ಕಾಯಿ ಕಳುಹಿಸಿ, ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ, ತಲುಪಿದ ಕೂಡಲೇ ಬಿಚ್ಚಿ ಗಾಳಿಯಾಡುವಲ್ಲಿ ಇಡಲು ಮಗಳಿಗೆ ಹೇಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಬೇಡವೇ ಬೇಡ.

ಇನ್ನು ಅಡುಗೆಯ ಮಾತು. ಕಾಯಿ ಹೆಚ್ಚುವ ಮೊದಲು ತುದಿಯ ಒಂದು ಚೂರನ್ನು ಬಾಯಿಗೆ ಹಾಕಿ ನೋಡುವ ರೂಢಿಯನ್ನು ಬಿಡಬೇಡಿ. ಕಹಿಯಿದ್ದರೆ ಆ ಕಾಯಿಯನ್ನು ಎಸೆಯಿರಿ, ಏಕೆಂದರೆ ಆ ಕಹಿ ಬೇಯಿಸಿದರೆ ಹೋಗುವಂಥದ್ದಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ತೆಂಗಿನಕಾಯಿ ಅರೆದು ಹಾಕಿದ ಹುಳಿ ದಿನವೂ ಬೇಸರ ತರುವುದು ಸಹಜವಾದರೂ ಅದೇ ಕಾಯಿಯ ಬೋಳು ಹುಳಿಯ ರುಚಿಯೇ ಬೇರೆ: ಸಿಪ್ಪೆಸಹಿತ ದಪ್ಪ ಹೋಳುಗಳನ್ನು ಉಪ್ಪು, ಬೆಲ್ಲ, ಹುಣಿಸೆರಸ, ಸೀಳಿದ ಹಸಿಮೆಣಸಿನೊಡನೆ ಬೇಯಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಸಿಗೆಯ ಸೆಕೆಯಲ್ಲಿ ತೆಂಗಿನಕಾಯಿ ಹಾಕಿದ ಹುಳಿ ಸಂಜೆಗೆ ಹಳಸುವ ಭಯವಿರುವಾಗ, ಬೋಳು ಹುಳಿಯನ್ನು ರಾತ್ರಿ ಒಮ್ಮೆ ಕುದಿಸಿಟ್ಟರೆ ಮರುದಿನ ಬೆಳಿಗ್ಗೆ ಗಂಜಿಗೂ ಬರುತ್ತದೆ. ಪಕ್ಕದ ಮನೆಗೆ ಒಂದು ಪಾತ್ರೆ ಕೊಡುವುದಿದ್ದರೂ ಇದನ್ನೇ ಕೊಡುವುದು ಕ್ಷೇಮ. ಮಕ್ಕಳಿಗೆ ಸೌತೆಕಾಯಿ ದೋಸೆ ಮಾಡಿಕೊಡಿ. ಎರಡು ಲೋಟ ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಸಿಪ್ಪೆ ಮತ್ತು ತಿರುಳು ತೆಗೆದ ಎರಡು ಲೋಟದಷ್ಟು ಹೋಳು ಹಾಗೂ ಹಿಡಿ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ. ಕಾಯಿಯಲ್ಲೇ ನೀರಿರುವುದರಿಂದ ಮೇಲೆ ನೀರು ಸುರಿಯಬೇಡಿ. ಹುಳಿ ಬರಲು ಕಾಯಬೇಕಾಗಿಲ್ಲ, ಆಗಲೇ ಹುಯ್ಯಬಹುದು. ತೆಗೆದಿಟ್ಟ ತಿರುಳನ್ನೂ ಬೀಜವನ್ನೂ ಅರೆದು ಸೋಸಿದ ನೀರಿನಿಂದ ಸಾರು ಮಾಡುವವರಿದ್ದಾರೆ, ಸಿಪ್ಪೆಯನ್ನು ಹುರಿದು ಚಟ್ನಿ ಅರೆಯುವವರಿದ್ದಾರೆ. ಚೆನ್ನಾಗಿ ಬಲಿತ ಒಂದು ಕಾಯಿಯ ಬೀಜವನ್ನು ಮಾತ್ರ ಬೂದಿ ಸವರಿ ಒಣಗಿಸಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ತವರಿನಿಂದ ಪ್ರತಿ ವರ್ಷ ಅಪ್ಪೆಮಿಡಿ ಬರುತ್ತದೆ. ಅಮ್ಮ ಹೇಳಿದ ಹಾಗೆಯೇ ಉಪ್ಪಿನಕಾಯಿ ಹಾಕುತ್ತೇನೆ, ಆದರೂ ಮಿಡಿ ಮೆತ್ತಗಾಗುತ್ತದೆ, ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ. ಅಕ್ಕತಂಗಿಯರಿಗೆ ಹಂಚಲು ನಾಚಿಕೆಯಾಗುತ್ತದೆ.
— ಓದುಗರು, ಶಿರಸಿ ಮೂಲ, ಈಗ ಬೆಂಗಳೂರು

ಉತ್ತರ: ಅಘನಾಶಿನಿ, ಶರಾವತಿಯಂತಹ ಹೊಳೆಗಳ ದಂಡೆಯ ಅಪ್ಪೆಮಿಡಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ, ಅಂತಹ ಮಿಡಿ ಕೆಟ್ಟಿತೆಂದರೆ ಮರದ ತಪ್ಪು ಇರಲಾರದು. ಮೊದಲು ತವರಿನವರನ್ನು ಕೇಳಿ: ಮಿಡಿಯನ್ನು ಮರವೇರಿ ಕೊಯ್ದು ಇಳಿಸಿದ್ದೋ, ಟೊಂಗೆ ಅಲ್ಲಾಡಿಸಿ ಉದುರಿಸಿದ್ದೋ? ನೆಲಕ್ಕೆ ಬಿದ್ದ ಮಿಡಿಗೆ ಒಳಪೆಟ್ಟಾಗಿರುತ್ತದೆ. ಉಪ್ಪು ಎಷ್ಟೇ ಹಾಕಿದರೂ ಅದು ಮೆತ್ತಗಾಗುತ್ತದೆ, ಭರಣಿಯಲ್ಲಿ ಇರುವ ಒಳ್ಳೆಯ ಮಿಡಿಗಳನ್ನೂ ಕೆಡಿಸುತ್ತದೆ. ತೊಟ್ಟು ಕಿತ್ತುಹೋದ ಮಿಡಿಯೂ ಹಾಗೆಯೇ. ಈ ಮಿಡಿಯ ಪರಿಮಳ ಇರುವುದು ಸೊನೆಯಲ್ಲಿ, ಆದ್ದರಿಂದ ಒಂದಿಷ್ಟು ತೊಟ್ಟು ಉಳಿಸಿಕೊಂಡು ಸೊನೆ ಸೋರಿಹೋಗದಂತೆ ನೋಡಿಕೊಳ್ಳಬೇಕು. ಕೊಯ್ದು ಎರಡು ದಿನ ಪಾರ್ಸೆಲ್‌ನಲ್ಲಿ ಬೆಂದು ಬಂದ ಮಿಡಿಯನ್ನು ಬೆಂಗಳೂರಿನಲ್ಲಿ ಉಪ್ಪಿಗೆ ಹಾಕುವ ಬದಲು, ಊರಿನಲ್ಲೇ ಕೊಯ್ದ ದಿನ ಉಪ್ಪಿಗೆ ಹಾಕಿಸಿ, ಮುರುಟಿದ ಮೇಲೆ ತರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರಿಹಾರ. ಮಸಾಲೆ ಕೂಡಿಸುವ ಕೆಲಸವನ್ನು ನೀವು ಬಿಡುವಾದಾಗ ಮಾಡಬಹುದು.

ಮಿಡಿ ಮುರುಟಿದಾಗ ಬಿಟ್ಟ ಉಪ್ಪುನೀರನ್ನು ಚೆಲ್ಲದೆ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ, ಒಣಮೆಣಸು, ಅರಿಸಿನವನ್ನು ಅದರಲ್ಲೇ ಅರೆಯಿರಿ. ಹಸಿನೀರಿನ ಒಂದು ಹನಿಯೂ ಸೇರಬಾರದು. ಮಿಡಿ ಸದಾ ರಸದಲ್ಲಿ ಮುಳುಗಿರಬೇಕು, ಮೇಲೆ ತೇಲಿದ ಮಿಡಿಗೇ ಬೂಷ್ಟು ಹಿಡಿಯುವುದು. ಅಕ್ಕತಂಗಿಯರಿಗೆ ಕೊಡುವಾಗ ದೊಡ್ಡ ಭರಣಿಯಿಂದ ಆಗಾಗ ತೋಡಿ ಕೊಡಬೇಡಿ, ಹಾಕಿದ ದಿನವೇ ಚಿಕ್ಕ ಗಾಜಿನ ಜಾಡಿಗಳಲ್ಲಿ ಅವರವರ ಪಾಲನ್ನು ಬೇರೆ ಮಾಡಿ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಕೆಡುವುದಕ್ಕೆ ಮಸಾಲೆಗಿಂತ ಒದ್ದೆ ಸೌಟೇ ಹೆಚ್ಚಿನ ಕಾರಣ.

ಪ್ರಶ್ನೆ: ಮನೆಯ ಹಿಂದೆ ಎರಡು ಹಲಸಿನ ಮರಗಳಿವೆ. ಇಡೀ ಹಣ್ಣು ಕೊಡುತ್ತೇನೆಂದರೆ ಪೇಟೆಯ ನೆಂಟರು ಜಾರಿಕೊಳ್ಳುತ್ತಾರೆ. ಹಲಸು ನೆಲಕ್ಕೆ ಬಿದ್ದು ಹಾಳಾಗುವುದನ್ನು ನೋಡಲಾಗುವುದಿಲ್ಲ.
— ಓದುಗರು, ತೀರ್ಥಹಳ್ಳಿ

ಉತ್ತರ: ನೆಂಟರನ್ನು ದೂರಬೇಡಿ. ಮೇಣ ಕೈಗಂಟಿದರೆ ಎಣ್ಣೆ ಸವರಿಕೊಳ್ಳಲು ಅಂಗಳವಿಲ್ಲದ, ಸಿಪ್ಪೆ ತಿನ್ನಲು ದನವಿಲ್ಲದ ಎರಡು ಕೋಣೆಯ ಮನೆಗೆ ಹತ್ತು ಕಿಲೋ ತೂಕದ ಹಲಸು ಹೋದರೆ ಅದು ಉಡುಗೊರೆಯಾಗುವುದಿಲ್ಲ, ಒಂದು ದಿನದ ಕೆಲಸವಾಗುತ್ತದೆ. ಗಟ್ಟಿ ತೊಳೆಯ ಬಕ್ಕೆ ಹಣ್ಣನ್ನು ನೀವೇ ಕೊಯ್ದು, ತೊಳೆ ಬಿಡಿಸಿ ಡಬ್ಬಿಯಲ್ಲಿ ಕೊಟ್ಟು ನೋಡಿ, ಬೇಡವೆನ್ನುವವರು ಸಿಗುವುದಿಲ್ಲ. ಮೆತ್ತನೆಯ ಅಂಬಲಿ ಹಣ್ಣು ಪ್ರಯಾಣಕ್ಕೆ ಆಗದು. ಅದನ್ನು ಮನೆಯಲ್ಲೇ ಅಕ್ಕಿ, ಬೆಲ್ಲದೊಡನೆ ರುಬ್ಬಿ ಬಾಳೆಲೆಯಲ್ಲಿ ಕಡುಬು ಬೇಯಿಸುವುದೇ ಸರಿ.

ಹಣ್ಣಾಗುವ ಮೊದಲೇ ಅರ್ಧದಷ್ಟು ಕಾಯಿ ಇಳಿಸಿಬಿಡಿ. ಬಲಿತ ಕಾಯಿಯ ತೊಳೆಯನ್ನು ಬೀಜ ತೆಗೆದು, ಕಿಲೋ ತೊಳೆಗೆ ಕಾಲು ಕಿಲೋದಷ್ಟು ಕಲ್ಲುಪ್ಪಿನ ಲೆಕ್ಕದಲ್ಲಿ ಭರಣಿಗೆ ಪದರಪದರವಾಗಿ ಒತ್ತಿ ತುಂಬಿ ಮೇಲೆ ಭಾರವಿಟ್ಟರೆ ಉಪ್ಪುತೊಳೆ. ಮಳೆಗಾಲದಲ್ಲಿ ತರಕಾರಿ ಸಿಗದ ದಿನ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಬಹುದು, ಅಕ್ಕಿಯೊಡನೆ ರುಬ್ಬಿ ರೊಟ್ಟಿ ತಟ್ಟಬಹುದು. ಹಪ್ಪಳಕ್ಕೆ ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಕುಟ್ಟಿ, ಉಂಡೆ ಒತ್ತಿ, ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು. ಇದು ಒಬ್ಬರೇ ಕೂತು ಮಾಡುವ ಕೆಲಸವಲ್ಲ. ಕುಟ್ಟುವವರು, ಉಂಡೆ ಕಟ್ಟುವವರು, ಒತ್ತುವವರು, ಚಾಪೆಯ ಮೇಲೆ ಹರಡುವವರು ಬೇಕು. ರಜೆಗೆ ಬಂದ ನೆಂಟರನ್ನು ಆ ದಿನಕ್ಕೆ ಕರೆದು, ತಮ್ಮ ಕೈಯಿಂದ ಒತ್ತಿದ್ದನ್ನು ತಾವೇ ಕಟ್ಟಿಕೊಂಡು ಹೋಗಲು ಹೇಳಿ. ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಿ, ಕೆಮ್ಮಣ್ಣು ಸವರಿಟ್ಟರೆ ಆಷಾಢದ ಮಳೆಯಲ್ಲಿ ಸಾರಿಗೂ ಪಲ್ಯಕ್ಕೂ ಒದಗುತ್ತದೆ.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಒಂದು ದಿನ ನಾಲ್ಕು ಬೆಂಡೆಕಾಯಿ, ಇನ್ನೊಂದು ದಿನ ಹಿಡಿ ಸೊಪ್ಪು ಸಿಗುತ್ತದೆ. ಐದು ಜನರ ಮನೆಗೆ ಇದು ಯಾವುದಕ್ಕೂ ಸಾಲದು.
— ಓದುಗರು, ಮೈಸೂರು

ಉತ್ತರ: ಕಡಿಮೆ ಇದ್ದದ್ದನ್ನು ಪಲ್ಯ ಮಾಡಲು ಹೊರಟರೆ ಮಾತ್ರ ಸಾಲದು. ಹಿಡಿ ಸೊಪ್ಪಿನಿಂದ ಐದು ಜನಕ್ಕೆ ತಂಬುಳಿ ಆಗುತ್ತದೆ: ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿ ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸಿ, ಮತ್ತೆ ಕುದಿಸಬೇಡಿ. ನಿಮ್ಮ ಸೀಮೆಯಲ್ಲೇ ಇರುವ ಮಸ್ಸೊಪ್ಪಿಗೆ ಬೆರಕೆ ಸೊಪ್ಪು ಇದ್ದಷ್ಟೂ ರುಚಿ, ಆದ್ದರಿಂದ ದಂಟು, ಪಾಲಕ್, ಮೆಂತ್ಯ ಒಂದೊಂದು ಹಿಡಿ ಇದ್ದರೂ ಬೇಳೆಯೊಡನೆ ಬೇಯಿಸಿ ಮಸೆದುಬಿಡಿ. ಬೆಂಡೆಕಾಯಿಯನ್ನು ಎರಡು ದಿನ ಕೂಡಿಟ್ಟು ಗೊಜ್ಜು ಮಾಡಬಹುದು, ಆದರೆ ಬಲಿಯಲು ಗಿಡದಲ್ಲೇ ಬಿಡಬೇಡಿ. ನಾರು ಕಟ್ಟುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಒಟ್ಟಿಗೆ ಬರುತ್ತಾರೆ. ನನಗೆ ವಯಸ್ಸಾಗಿದೆ. ಬಂದವರಿಗೆ ಊರಿನ ರುಚಿಯನ್ನೆಲ್ಲ ಬಡಿಸಬೇಕೆಂಬ ಆಸೆ, ಆದರೆ ಅವರು ಹೊರಡುವ ಹೊತ್ತಿಗೆ ನಾನು ಹಾಸಿಗೆ ಹಿಡಿದಿರುತ್ತೇನೆ.
— ಓದುಗರು, ಕುಂದಾಪುರ

ಉತ್ತರ: ಅಮ್ಮ, ನೀವು ದಿನಕ್ಕೆ ಒಂದೇ ವಿಶೇಷ ಮಾಡಿ, ಉಳಿದದ್ದು ಗಂಜಿ, ಚಟ್ನಿ, ಉಪ್ಪಿನಕಾಯಿ ಸಾಕು. ಕಾಟುಮಾವಿನ ಹಣ್ಣು ಬಿದ್ದ ದಿನ ಅದರ ಗೊಜ್ಜೊಂದಿದ್ದರೆ ಪಲ್ಯ ಏಕೆಂದು ಯಾರೂ ಕೇಳುವುದಿಲ್ಲ. ಆ ಹಣ್ಣು ಹಿಚುಕುವುದನ್ನು ಮೊಮ್ಮಕ್ಕಳಿಗೆ, ತೆಂಗಿನಕಾಯಿ ತುರಿಯುವುದನ್ನು ಮಗನಿಗೆ, ಬಸಳೆ ಕೊಯ್ದು ಸೋಸುವುದನ್ನು ಸೊಸೆಗೆ ಹೇಳಿ, ಉಪ್ಪು ಹುಳಿ ನೋಡುವ ಅಧಿಕಾರವನ್ನು ಮಾತ್ರ ನೀವು ಇಟ್ಟುಕೊಳ್ಳಿ. ಕೇಳದೆ ಯಾರೂ ಮಾಡುವುದಿಲ್ಲ. ಅಡುಗೆಮನೆಗೆ ಬಂದವರನ್ನು ನೀವು ಹೋಗಿ ಕೂತುಕೊಳ್ಳಿ ಎಂದು ಅಟ್ಟುತ್ತಿದ್ದರೆ ಅವರಾದರೂ ಏನು ಮಾಡಬೇಕು? ಪುನರ್ಪುಳಿ ಸಿಪ್ಪೆ ಒಣಗಿಸುವುದು, ಮಾಂಬಳಕ್ಕೆ ಮಾವಿನ ರಸ ಹರಡುವುದು ಮುಂತಾದ ಬಿಸಿಲಿನ ಕೆಲಸಗಳನ್ನು ಅವರು ಬರುವ ಮೊದಲೇ ಮಾಡಿಟ್ಟು ಸುಸ್ತಾಗಬೇಡಿ. ಎಲ್ಲರೂ ಇರುವಾಗಲೇ, ಮಳೆ ಹಿಡಿಯುವ ಮೊದಲು, ಬೆಳಗಿನ ಬಿಸಿಲಿಗೆ ಚಾಪೆ ಹಾಸಿಸಿ. ಸಂಜೆ ಒಳಗೆ ತೆಗೆದಿಡುವ ಜವಾಬ್ದಾರಿ ಕಿರಿಯರದ್ದಾಗಿರಲಿ.