ಕನ್ನಡದ ಊರಲ್ಲಿ ಇಂಗ್ಲಿಷ್ ಯಾಕೆ ಕಲಿಸ್ತೀರಿ? ಇಂಗ್ಲಿಷ್ ಬಾರದವರು ಅನಕ್ಷರಸ್ಥರಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಖಂಡಿತ ಅಲ್ಲ. ಜನಗಣತಿಯ ಲೆಕ್ಕದಲ್ಲಿ 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಸಾಕ್ಷರರು. ಬರೀ ಓದಲು ಬಂದರೆ ಸಾಲದು. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87.67 ಇತ್ತು.

ನಾನು ಭಾನುವಾರ ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಗೆ ಕಲಿಸುತ್ತೇನೆ. ಬಹಳಷ್ಟು ಜನ ತುಮಕೂರು, ಮಂಡ್ಯ ಕಡೆಯವರು. ಪೇಪರ್ ಓದುತ್ತಾರೆ, ಸಂಘದ ಲೆಕ್ಕದ ಪುಸ್ತಕ ಬರೆಯುತ್ತಾರೆ. ಸಂಬಳದ ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಅದೇ ನಮ್ಮ ಮೊದಲ ಪಾಠ: ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ), ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ). ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಹಿಡಿಯುತ್ತಾರೆ ಅಂತ ಗೊತ್ತಾದದ್ದೇ ತಡ, ಮೊಬೈಲ್ ತೆಗೆದು ತಾವೇ ಲೆಕ್ಕ ಹಾಕತೊಡಗುತ್ತಾರೆ. ಒಬ್ಬಾಕೆಗೆ ಒಂದು ರಜೆಯನ್ನೂ ಹಾಕದ ತಿಂಗಳಲ್ಲಿ ‘ಲಾಸ್ ಆಫ್ ಪೇ’ ಅಂತ ದುಡ್ಡು ಕಟ್ ಆಗಿತ್ತು. ಎಚ್‌ಆರ್ ಹತ್ತಿರ ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು, ಕೇಳಿದ್ದು ಕನ್ನಡದಲ್ಲೇ. ಮುಂದಿನ ತಿಂಗಳು ದುಡ್ಡು ಬಂತು. ನಾನು ಇಂಗ್ಲಿಷ್ ಕಲಿಸುವುದು ಇಷ್ಟಕ್ಕೇ. ‘ಹೌ ಆರ್ ಯೂ’ ಬಾಯಿಪಾಠ ಮಾಡಿಸುವ ಕ್ಲಾಸುಗಳು ಗಲ್ಲಿಗೊಂದಿವೆ, ಅದು ನನ್ನ ಕೆಲಸವಲ್ಲ.

ಕನ್ನಡ ಚೆನ್ನಾಗಿ ಓದುವವರು ಇಂಗ್ಲಿಷನ್ನೂ ಬೇಗ ಹಿಡಿಯುತ್ತಾರೆ. ಆದರೆ ಬರೆದದ್ದನ್ನೆಲ್ಲ ಉಚ್ಚರಿಸುವ ಅಭ್ಯಾಸ ನೋಡಿ, ವೆನ್ಸ್‌ಡೇ ‘ವೆಡ್ನೆಸ್‌ಡೇ’ ಆಗುತ್ತೆ. “ಓದೋದಿಲ್ಲ ಅಂದ್ಮೇಲೆ ಯಾಕ್ ಬರೀತಾರೆ ಮೇಡಂ?” ಅಂತ ಕೇಳ್ತಾರೆ. ನನ್ನ ಹತ್ತಿರ ಉತ್ತರವಿಲ್ಲ, ಒಟ್ಟಿಗೆ ನಗುತ್ತೇವೆ. ಅಕ್ಷರವೇ ಬಾರದವರು ಬಂದರೆ ಎಬಿಸಿಡಿ ಮುಟ್ಟುವುದಿಲ್ಲ, ಕನ್ನಡದಿಂದಲೇ ಶುರು. ಮನೆಯಲ್ಲಿ ಆಡುವ ಮಾತನ್ನೇ ಓದಲು ಬಾರದವರಿಗೆ ಗೊತ್ತಿಲ್ಲದ ಭಾಷೆಯ ಸ್ಪೆಲ್ಲಿಂಗ್ ಹೇರುವುದು ಹಿಂಸೆ. ಕೆಲವರಿಗೆ ಇದು ಇಷ್ಟವಾಗಲ್ಲ, “ಕನ್ನಡ ಕಲಿಯೋಕೆ ಬಂದಿಲ್ಲ” ಅಂತ ಮುನಿಸಿಕೊಂಡು ಹೋದವರೂ ಇದ್ದಾರೆ.

ಸಂಬಳದ ಚೀಟಿಯನ್ನು ಕನ್ನಡದಲ್ಲೇ ಕೊಟ್ಟುಬಿಟ್ಟರೆ ನನ್ನ ಅರ್ಧ ಪಾಠ ಬೇಕಾಗುವುದೇ ಇಲ್ಲ. ಕೊಡಲೇಬೇಕು ಅಂತಲೇ ನನ್ನ ವಾದ. ಆದರೂ ಭಾನುವಾರ ಖಾಲಿ ಇರಲ್ಲ ಬಿಡಿ. ಮಕ್ಕಳ ಸ್ಕೂಲ್ ಡೈರಿಯಲ್ಲಿ ಟೀಚರ್ ಏನು ಬರೆದಿದ್ದಾರೆ ಅಂತ ಓದಲು ಕಲಿಸಿ ಅಂತ ಆಗಲೇ ಗಂಟು ಬಿದ್ದಿದ್ದಾರೆ.